ಸುವರ್ಣಗಡ್ಡೆಗೆ ಮಜ್ಜಿಗೆಯ ಜೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುವರ್ಣಗಡ್ಡೆ ಯಾರಿಗೂ ಹೊಸದಲ್ಲ. ಆದರೆ ದಿನದ ಅಡುಗೆಯಲ್ಲಿ ಅದರ ಜಾಗಕ್ಕೆ ಆಲೂಗಡ್ಡೆ ಬಂದು ಕೂತಿದೆ. ಹೆಚ್ಚುವಾಗ ಕೈ ತುರಿಸುತ್ತದೆ, ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಇಷ್ಟಕ್ಕೇ ಇಂಥ ಗಡ್ಡೆಯನ್ನು ದೂರ ಇಡುವುದು ನನಗೆ ತುಂಬಾ ಬೇಸರದ ವಿಷಯ.

ತುರಿಕೆಗೆ ಮುಖ್ಯ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಸೂಜಿಯಂಥ ಅದರ ಹರಳುಗಳು ಗಡ್ಡೆಯ ಜೀವಕೋಶಗಳೊಳಗೆ ಕಟ್ಟುಕಟ್ಟಾಗಿ ಇರುತ್ತವೆ. ಇದಲ್ಲದೆ ನೀರಿನಲ್ಲಿ ಕರಗುವ ಆಕ್ಸಲೇಟ್ ಕೂಡ ಇದೆ. ನಾವು ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೇ. ಕರುಳಿನಿಂದ ರಕ್ತಕ್ಕೆ ಸೇರಿದ ಆಕ್ಸಲೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿದರೆ ಕಲ್ಲು ಆಗಬಹುದು. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಈ ಬಗೆಯವೇ.

ಈಗ ನಮ್ಮ ಮಜ್ಜಿಗೆ ಹುಳಿಯನ್ನು ನೋಡಿ. ಗಡ್ಡೆ ಬೇಯಿಸಿ ನೀರು ಬಸಿದಾಗ ಕರಗುವ ಆಕ್ಸಲೇಟ್‌ನಲ್ಲಿ ಒಂದಷ್ಟು ಆ ನೀರಿನ ಜೊತೆಗೇ ಹೋಗುತ್ತದೆ. ಉಳಿದದ್ದರಲ್ಲಿ ಸ್ವಲ್ಪವನ್ನು ಮಜ್ಜಿಗೆಯ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಅದು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಎಂಥ ಒಳ್ಳೆಯ ಜೋಡಿ ಅಲ್ವಾ?

ಇನ್ನು ಲಾಭದ ಮಾತು. ಈ ಗಡ್ಡೆಯ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳು ಶಕ್ತಿಗೆ ನೆಚ್ಚಿಕೊಂಡಿರುವುದು ಮುಖ್ಯವಾಗಿ ಈ ಬ್ಯುಟಿರೇಟನ್ನೇ. ಬೇಯಿಸಿ ಆರಿಸಿದರೆ ಇಂಥ ಪಿಷ್ಟ ಇನ್ನಷ್ಟು ಜಾಸ್ತಿಯಾಗುತ್ತದೆ. ಜೊತೆಗೆ ನಾರಿನಂಶವೂ ಇದೆ. ಆಯುರ್ವೇದದಲ್ಲಿ ಮೂಲವ್ಯಾಧಿಗೆ ಸೂರಣ, ಅಂದರೆ ಇದೇ ಸುವರ್ಣಗಡ್ಡೆ, ಕೊಡುವ ರೂಢಿ ಹಳೆಯದು. ನಾರಿನಿಂದ ಮಲ ಮೆತ್ತಗಾಗಿ ತಿಣುಕುವ ಕಷ್ಟ ಕಡಿಮೆಯಾಗುತ್ತದೆ ಎಂಬುದನ್ನು ನೋಡಿದರೆ ಆ ರೂಢಿಗೆ ಅರ್ಥವಿದೆ.

ಇದೇ ಕುಲದ ಕೊಂಜಾಕ್ ಎಂಬ ಗಡ್ಡೆಯಿಂದ ಜಪಾನಿನಲ್ಲಿ ಶಾವಿಗೆ ಮಾಡುತ್ತಾರೆ. ಅದರ ಗ್ಲೂಕೊಮನ್ನಾನ್ ಎಂಬ ನಾರನ್ನು ದಿನಕ್ಕೆ 4 ಗ್ರಾಂ ತಿಂದರೆ ಕೊಲೆಸ್ಟರಾಲ್ ಹದದಲ್ಲಿರಲು ನೆರವಾಗುತ್ತದೆ ಎಂದು ಆಹಾರದ ಪೊಟ್ಟಣದ ಮೇಲೆ ಹೇಳಲು ಐರೋಪ್ಯ ಒಕ್ಕೂಟದ 2012ರ ನಿಯಮ ಒಪ್ಪಿದೆ. ಆದರೆ ಆ ಮಾತನ್ನು ಹಾಗೇ ನಮ್ಮ ಸುವರ್ಣಗಡ್ಡೆಗೆ ಅಂಟಿಸುವುದು ತಪ್ಪು.

ಗಡ್ಡೆಯಲ್ಲಿರುವ ಫೀನಾಲಿಕ್ ಸಂಯುಕ್ತಗಳು ಎಂಬ ಸಸ್ಯರಾಸಾಯನಿಕಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಸುವರ್ಣಗಡ್ಡೆಯ ಸಾರ ಇಲಿಗಳ ಯಕೃತ್ತನ್ನು ಕಾಪಾಡಿದ್ದನ್ನು ಪ್ರಯೋಗಗಳು ತೋರಿಸಿವೆ. ಇಲಿಗೆ ಕೊಟ್ಟದ್ದು ಗಟ್ಟಿ ಸಾರ. ನಾವು ತಿನ್ನುವುದು ಪಲ್ಯ. ಹಾಗಾಗಿ ಪುಡಿ, ಮಾತ್ರೆ ಎಂದು ದುಡ್ಡು ಸುರಿಯಬೇಡಿ. ತರಕಾರಿಯಾಗಿ ತಿನ್ನಿ.

ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿ. ಸಿಪ್ಪೆಯನ್ನು ದಪ್ಪಗೆ ತೆಗೆಯಿರಿ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ, ನೀರು ಬಸಿದುಬಿಡಿ. ತೋಟದಲ್ಲಿ ಹೊಸದಾಗಿ ನೆಡುವವರು ತುರಿಕೆ ಕಡಿಮೆ ಇರುವ ಗಜೇಂದ್ರ ತಳಿಯನ್ನು ಕೇಳಿ ತರಬಹುದು. ಸುವರ್ಣಗಡ್ಡೆಯಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕಾಯಿಲೆ ಇದ್ದವರು, ಹಿಂದೆ ಕಲ್ಲಾಗಿದ್ದವರು ವೈದ್ಯರನ್ನು ಕೇಳಿಯೇ ತಿನ್ನಬೇಕು.