ಬಿಳಿ ಗೆರೆಯ ಅಂಚಿನಲ್ಲಿ ಬಣ್ಣ: ನೆಟ್‌ವರ್ಕ್ ಕೇಬಲ್ಲಿನಲ್ಲಿ ಸಾಗುವ ವಿಡಿಯೊದ ವಿಳಂಬವನ್ನು ಸರಿಪಡಿಸುವುದು

ಕಾಲೇಜಿನ ಸಭಾಂಗಣದಲ್ಲಿ ಹಳೆಯ ಪ್ರೊಜೆಕ್ಟರ್ ತೆಗೆದು ಹೆಚ್ಚಿನ ರೆಸಲ್ಯೂಷನ್ನಿನ ಹೊಸದನ್ನು ಕೂರಿಸಿದ ಮೇಲೆ ಅಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ಬಣ್ಣ ಕಾಣುತ್ತಿದೆ ಎಂಬ ದೂರು ಬಂದರೆ, ಎಲ್ಲರೂ ಮೊದಲು ಸಂಶಯಿಸುವುದು ಹೊಸ ಪ್ರೊಜೆಕ್ಟರನ್ನೇ. ವೇದಿಕೆಯಿಂದ ಪ್ರೊಜೆಕ್ಟರಿನವರೆಗೆ ವಿಜಿಎ ಸಂಕೇತವನ್ನು (ಕಂಪ್ಯೂಟರಿನ ಅನಲಾಗ್ ವಿಡಿಯೊವನ್ನು) ಕ್ಯಾಟ್-5ಇ ಎಂಬ ನೆಟ್‌ವರ್ಕ್ ಕೇಬಲ್ಲಿನಲ್ಲಿ ಒಯ್ದಿರುವ ಕಡೆ, ಪ್ರೊಜೆಕ್ಟರನ್ನು ಹಿಂದಿರುಗಿಸುವ ಮುನ್ನ ಕೇಬಲ್ಲನ್ನು ಪರೀಕ್ಷಿಸಬೇಕು.

ಈ ಕೇಬಲ್ಲಿನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರದಿರಲೆಂದು ತಯಾರಕರು ಪ್ರತಿ ಜೋಡಿಯನ್ನೂ ಬೇರೆ ಬೇರೆ ಬಿಗಿತದಲ್ಲಿ ತಿರುಚುತ್ತಾರೆ. ಹೆಚ್ಚು ಬಿಗಿಯಾಗಿ ತಿರುಚಿದ ಜೋಡಿಯಲ್ಲಿ ತಾಮ್ರದ ಉದ್ದ ಹೆಚ್ಚಾಗುವುದರಿಂದ ಅದರಲ್ಲಿ ಸಾಗುವ ಸಂಕೇತ ತಡವಾಗಿ ತಲುಪುತ್ತದೆ. 100 ಮೀಟರ್ ಕೇಬಲ್ಲಿನಲ್ಲಿ ಅತಿ ವೇಗದ ಮತ್ತು ಅತಿ ನಿಧಾನದ ಜೋಡಿಗಳ ನಡುವೆ 45 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯ ಒಂದು ಭಾಗವೇ ನ್ಯಾನೊಸೆಕೆಂಡ್) ಅಂತರವನ್ನು ಈ ಕೇಬಲ್ಲಿನ ಮಾನದಂಡವೇ ಒಪ್ಪುತ್ತದೆ. ಗಿಗಾಬಿಟ್ ಈಥರ್ನೆಟ್ಟಿನ ಸ್ವೀಕರಣಾ ಚಿಪ್ ಈ ಅಂತರವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕೆಂಪು, ಹಸಿರು, ನೀಲಿ ಸಂಕೇತಗಳು ಮೂರು ಜೋಡಿಗಳಲ್ಲಿ ಅನಲಾಗ್ ರೂಪದಲ್ಲೇ ಹೋಗುವಾಗ ಆ ಕೆಲಸವನ್ನು ನಾವು ಮಾಡಬೇಕಾಗುತ್ತದೆ.

1024×768 ಚಿತ್ರವನ್ನು 60 ಹರ್ಟ್ಸ್‌ನಲ್ಲಿ ತೋರಿಸುವಾಗ ಒಂದು ಪಿಕ್ಸೆಲ್ಲಿನ ಅವಧಿ ಸುಮಾರು 15.4 ನ್ಯಾನೊಸೆಕೆಂಡ್, 1920×1080ರಲ್ಲಿ ಅದು 6.7ಕ್ಕೆ ಇಳಿಯುತ್ತದೆ. ಅಂದರೆ 20 ನ್ಯಾನೊಸೆಕೆಂಡಿನ ವಿಳಂಬ ಮೊದಲನೆಯದರಲ್ಲಿ ಒಂದು ಪಿಕ್ಸೆಲ್ಲನ್ನು ತುಸು ಮೀರಿದರೆ, ಎರಡನೆಯದರಲ್ಲಿ ಮೂರು ಪಿಕ್ಸೆಲ್ಲುಗಳಷ್ಟಾಗುತ್ತದೆ. ಪರದೆಯ ಮೇಲೆ ಮಿಲಿಮೀಟರಿನಲ್ಲಿ ಅಳೆದರೆ ಬಣ್ಣ ಸರಿದಿರುವ ದೂರ ಎರಡರಲ್ಲೂ ಹೆಚ್ಚು ಬೇರೆಯಲ್ಲ. ಬದಲಾಗಿರುವುದು ಅಕ್ಷರದ ಗೆರೆಯ ದಪ್ಪ. ಗೆರೆಗಳು ಸಣ್ಣವಾದಷ್ಟೂ ಅದೇ ಸರಿತ ಅವನ್ನು ಒಡೆದು ತೋರಿಸುತ್ತದೆ, ಕನ್ನಡದ ಒತ್ತಕ್ಷರಗಳಲ್ಲಂತೂ ಇದು ಬೇಗ ಕಣ್ಣಿಗೆ ಬೀಳುತ್ತದೆ.

ದೋಷ ಯಾವುದೆಂದು ಗುರುತಿಸಲು ಕಪ್ಪು ಹಿನ್ನೆಲೆಯಲ್ಲಿ ಒಂದು ಪಿಕ್ಸೆಲ್ ದಪ್ಪದ ಬಿಳಿ ಗೆರೆಗಳ ಚೌಕುಳಿಯೇ ಸಾಕು. ಬಿಳಿ ಹಿನ್ನೆಲೆಯ ಕಪ್ಪು ಅಕ್ಷರಗಳನ್ನು ನೋಡಿ ನಿರ್ಣಯಿಸಬಾರದು, ಏಕೆಂದರೆ ಅಲ್ಲಿ ಅಂಚಿಗೆ ಬರುವುದು ಪೂರಕ ಬಣ್ಣಗಳು, ಮತ್ತು ಅವು ದಾರಿ ತಪ್ಪಿಸುತ್ತವೆ. ಲಂಬ ಗೆರೆಗಳು ಬಣ್ಣ ಬಣ್ಣವಾಗಿ ಸೀಳಿ, ಅಡ್ಡ ಗೆರೆಗಳು ಅಪ್ಪಟ ಬಿಳಿಯಾಗಿಯೇ ಉಳಿದರೆ ಅದು ಕೇಬಲ್ಲಿನ ವಿಳಂಬ; ಕೆಲವು ನ್ಯಾನೊಸೆಕೆಂಡುಗಳು ಬಣ್ಣವನ್ನು ಪಕ್ಕಕ್ಕೆ ಸರಿಸಬಲ್ಲವೇ ಹೊರತು ಮುಂದಿನ ಸಾಲಿಗೆ ಇಳಿಸಲಾರವು. ಅಡ್ಡ ಗೆರೆಗಳಲ್ಲೂ ಬಣ್ಣ ಕಂಡರೆ, ಲ್ಯಾಪ್‌ಟಾಪನ್ನು ಗಿಡ್ಡ ಕೇಬಲ್ಲಿನಲ್ಲಿ ನೇರವಾಗಿ ಜೋಡಿಸಿದಾಗಲೂ ಅದು ಹೋಗದಿದ್ದರೆ, ಪ್ರೊಜೆಕ್ಟರಿನೊಳಗೆ ಮೂರು ಬಣ್ಣಗಳ ಚಿತ್ರವನ್ನು ಬೇರೆ ಬೇರೆಯಾಗಿ ರೂಪಿಸುವ ಮೂರು ಫಲಕಗಳ ಹೊಂದಾಣಿಕೆ ತಪ್ಪಿದೆಯೆಂದು ತಿಳಿಯಬೇಕು.

ತಿದ್ದುವಾಗ ಮೊದಲು ರಿಸೀವರಿನ (ಪ್ರೊಜೆಕ್ಟರಿನ ಬಳಿ ಕೇಬಲ್ಲಿನ ಸಂಕೇತವನ್ನು ಮತ್ತೆ ವಿಜಿಎಗೆ ತಿರುಗಿಸುವ ಪೆಟ್ಟಿಗೆಯ) ಈಕ್ವಲೈಸರನ್ನು, ಅಂದರೆ ಕುಗ್ಗಿದ ಆವರ್ತನಗಳನ್ನು ಮತ್ತೆ ಎತ್ತುವ ಹೊಂದಾಣಿಕೆಯನ್ನು, ಸರಿಮಾಡಿಕೊಳ್ಳಬೇಕು. ಉದ್ದದ ಕೇಬಲ್ಲು ಹೆಚ್ಚಿನ ಆವರ್ತನಗಳನ್ನು ಕುಗ್ಗಿಸುವುದರಿಂದ ಗೆರೆಯ ಬಲಕ್ಕೆ ಮಸುಕು ಹರಡಿರುತ್ತದೆ, ಮಸುಕಾದ ಅಂಚುಗಳನ್ನು ಒಂದರ ಮೇಲೊಂದು ಕೂರಿಸುವುದು ಕಷ್ಟ. ಅದಾದ ಮೇಲೆ ರಿಸೀವರಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆಯಾಗಿ ಹೊಂದಿಸುವ ವಿಳಂಬದ ಸರದಿ. ಪರದೆಯಲ್ಲಿ ಎಲ್ಲಕ್ಕಿಂತ ಎಡಕ್ಕಿರುವ ಬಣ್ಣ ಮೊದಲು ತಲುಪಿದ್ದು, ಎಲ್ಲಕ್ಕಿಂತ ಬಲಕ್ಕಿರುವುದು ಕೊನೆಗೆ ತಲುಪಿದ್ದು. ತಡವಾದದ್ದನ್ನು ಬೇಗ ತರಿಸುವ ಉಪಾಯವಿಲ್ಲ. ಆದ್ದರಿಂದ ಅದನ್ನು ಸೊನ್ನೆಯಲ್ಲೇ ಬಿಟ್ಟು ಉಳಿದೆರಡನ್ನು ಅದರ ಸಮಕ್ಕೆ ತಡೆಯಬೇಕು. ಮೂರು ಬಣ್ಣಗಳಿಗೂ ಒಂದಿಷ್ಟು ವಿಳಂಬ ಕೊಟ್ಟು ಕೂರುವವರನ್ನು ಬಹಳ ಕಡೆ ನೋಡಿದ್ದೇನೆ. ಅದರಿಂದ ಲಾಭವಿಲ್ಲ, ಉಪಕರಣದ ಹೊಂದಾಣಿಕೆಯ ವ್ಯಾಪ್ತಿ ಮಾತ್ರ ವ್ಯರ್ಥವಾಗುತ್ತದೆ.

ಅರ್ಧ ಪಿಕ್ಸೆಲ್ಲಿನ ಅಂತರವನ್ನೂ ಉಪೇಕ್ಷಿಸಬಾರದೆಂಬುದು ನನ್ನ ಆಗ್ರಹ. ಪ್ರೊಜೆಕ್ಟರ್ ಮೂರೂ ಬಣ್ಣಗಳನ್ನು ಸಾಮಾನ್ಯವಾಗಿ ಒಂದೇ ಗಡಿಯಾರದ ಒಂದೇ ಫೇಸ್‌ನಲ್ಲಿ, ಅಂದರೆ ಪಿಕ್ಸೆಲ್ಲಿನ ಅವಧಿಯೊಳಗಿನ ಒಂದೇ ಕ್ಷಣದಲ್ಲಿ, ಅಳೆಯುತ್ತದೆ. ಒಂದು ಬಣ್ಣ ಅರ್ಧ ಪಿಕ್ಸೆಲ್ ಹಿಂದಿದ್ದರೆ, ಉಳಿದೆರಡಕ್ಕೆ ಒಪ್ಪುವ ಫೇಸ್ ಅದಕ್ಕೆ ಒಪ್ಪದೆ ಆ ಬಣ್ಣವೊಂದೇ ಅಂಚುಗಳಲ್ಲಿ ಅದುರುತ್ತದೆ. ಹೀಗಾಗಿ ಈ ಫೇಸನ್ನು ತಾನೇ ಹೊಂದಿಸುವ, ಪ್ರೊಜೆಕ್ಟರಿನ ಆಟೋ ಅಡ್ಜಸ್ಟ್ ಗುಂಡಿಯನ್ನು ವಿಳಂಬ ತಿದ್ದಿದ ನಂತರವೇ ಒತ್ತಬೇಕು.

ರಿಸೀವರಿನಲ್ಲಿ ವಿಳಂಬದ ಹೊಂದಾಣಿಕೆಯೇ ಇಲ್ಲದಿದ್ದರೆ, ಅದರ ಮೂರು ಬಣ್ಣಗಳ ಔಟ್‌ಪುಟ್ ಕಿಂಡಿಗಳು ಬೇರೆ ಬೇರೆಯಾಗಿರುವ ಪಕ್ಷದಲ್ಲಿ, ಮುಂದಿರುವ ಬಣ್ಣಕ್ಕೆ ಕೋಆಕ್ಸಿಯಲ್ ಕೇಬಲ್ಲಿನ (ನಡುವಿನ ತಂತಿಯನ್ನು ನಿರೋಧಕವೂ ಲೋಹದ ಹೊದಿಕೆಯೂ ಸುತ್ತುವರಿದ ಕೇಬಲ್ಲಿನ) ತುಂಡನ್ನು ಹೆಚ್ಚಿಗೆ ಸೇರಿಸಬಹುದು. ಘನ ಪಾಲಿಎಥಿಲೀನ್ ನಿರೋಧಕವಿರುವ ಕೇಬಲ್ಲಿನಲ್ಲಿ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ಲೆಕ್ಕ. 10 ನ್ಯಾನೊಸೆಕೆಂಡ್ ತಡೆಯಲು 2 ಮೀಟರ್ ಸಾಕು. ಎಲ್ಲ ಜೋಡಿಗಳನ್ನೂ ಒಂದೇ ಬಿಗಿತದಲ್ಲಿ ತಿರುಚಿದ, ವಿಡಿಯೊಗೆಂದೇ ಮಾಡಿದ ಕೇಬಲ್ಲುಗಳೂ ಸಿಗುತ್ತವೆ. ಅವುಗಳಲ್ಲಿ ಜೋಡಿಗಳ ನಡುವಿನ ಸೋರಿಕೆ ಹೆಚ್ಚಾದ್ದರಿಂದ ಮುಂದೆ ನೆಟ್‌ವರ್ಕಿಗೆ ಬಳಸಲು ಅವು ತಕ್ಕವಲ್ಲ. ಗೋಡೆಯೊಳಗೆ ಹುದುಗಿಸುವ ಕೇಬಲ್ಲಿಗೆ ಇದು ದೊಡ್ಡ ಕೊರತೆ, ಹಾಗಾಗಿ ಸಾಮಾನ್ಯ ಕೇಬಲ್ಲನ್ನೇ ಎಳೆದು ವಿಳಂಬವನ್ನು ರಿಸೀವರಿನಲ್ಲಿ ತಿದ್ದುವುದು ಲೇಸೆಂದು ನಾನು ಸಲಹೆ ನೀಡುತ್ತೇನೆ.

ಮೂರು ಬಣ್ಣಗಳಿಗೆ ಹೊಂದಿಸಿದ ವಿಳಂಬದ ಅಂಕಿಗಳನ್ನು ಬರೆದು ರ‍್ಯಾಕಿನ ಒಳಬದಿಗೆ ಅಂಟಿಸಿಡಿ. ಕೇಬಲ್ಲನ್ನು ಕತ್ತರಿಸಿ ಜೋಡಿಸಿದರೆ, ಅಥವಾ ಉದ್ದದ ಪ್ಯಾಚ್ ಕಾರ್ಡನ್ನು (ತುದಿಯಲ್ಲಿ ಉಪಕರಣಕ್ಕೆ ಜೋಡಿಸುವ ಕೇಬಲ್ಲನ್ನು) ಬದಲಾಯಿಸಿದರೆ ಆ ಅಂಕಿಗಳನ್ನು ನಂಬದೆ ಚೌಕುಳಿಯನ್ನು ತೋರಿಸಿ ಮತ್ತೆ ತಿದ್ದಬೇಕು.