ಎನ್‌ಬಿಎ ತಲುಪದ ಬ್ಯಾಸ್ಕೆಟ್‌ಬಾಲ್ ಆಟಗಾರ ಹೊರದೇಶದಲ್ಲಿ ಆಡಿ ಬದುಕಬಹುದೇ?

ಪ್ರಶ್ನೆ: ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಸ್ಥಾನ ಸಿಗದ ಅಲ್ಲಿನ ಆಟಗಾರರು ಯುರೋಪು, ಚೀನಾ, ಫಿಲಿಪೀನ್ಸ್ ಮುಂತಾದ ಕಡೆಗಳಿಗೆ ಹೋಗಿ ವೃತ್ತಿಪರರಾಗಿ ಆಡುತ್ತಾರೆಂದು ಕೇಳಿದ್ದೇವೆ. ಹಾಗೆ ಆಡಿ ನಿಜವಾಗಿ ಬದುಕು ಕಟ್ಟಿಕೊಳ್ಳಲು ಸಾಧ್ಯವೇ? ಹೇಳಿದ ಸಂಬಳ ಕೈಗೆ ಬರುತ್ತದೆಯೇ?

ಉತ್ತರ: ಬದುಕು ಕಟ್ಟಿಕೊಳ್ಳಲು ಸಾಧ್ಯವಿದೆ, ಬಹಳ ಮಂದಿ ಕಟ್ಟಿಕೊಂಡಿದ್ದಾರೆ. ಆದರೆ ಆ ಬದುಕು ವರ್ಷವರ್ಷಕ್ಕೂ ಹೊಸದಾಗಿ ಬರೆಯಲ್ಪಡುವ ಒಂದು ಕರಾರಿನ ಮೇಲೆ ನಿಂತಿರುತ್ತದೆ. ಆಟಗಾರನ ಕೈಚಳಕ ಎಷ್ಟು ಮುಖ್ಯವೋ, ಆ ಕರಾರಿನಲ್ಲಿ ಯಾವ ಷರತ್ತು ಇದೆ, ಯಾವುದು ಇಲ್ಲ ಎಂಬುದೂ ಅಷ್ಟೇ ಮುಖ್ಯವಾಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ದೇಶ ಮತ್ತು ಕ್ಲಬ್ಬನ್ನು ನೋಡಿ ಬದಲಾಗುತ್ತದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಇಷ್ಟೊಂದು ಮಂದಿ ಏಕೆ ಹೊರಗೆ ಹೋಗುತ್ತಾರೆ ಎಂಬುದಕ್ಕೆ ಲೆಕ್ಕವೇ ಕಾರಣ. ಎನ್‌ಬಿಎಯಲ್ಲಿ 30 ತಂಡಗಳಿವೆ. ತಂಡಕ್ಕೆ 15ರಂತೆ ಪೂರ್ಣ ಪ್ರಮಾಣದ ಒಪ್ಪಂದಗಳು 450 ಮಾತ್ರ. ಅಮೆರಿಕದ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಲ್ಲಿ 350ಕ್ಕೂ ಹೆಚ್ಚು ಪುರುಷರ ತಂಡಗಳು ಆಡುತ್ತವೆ, ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ವರ್ಷದ ಡ್ರಾಫ್ಟ್‌ನಲ್ಲಿ ಆಯ್ಕೆಯಾಗುವವರು ಮಾತ್ರ ಸುಮಾರು 60 ಮಂದಿ. ಎನ್‌ಬಿಎಯ ಕೆಳಗಿನ ಜಿ ಲೀಗ್‌ನಲ್ಲಿ ಆಡಬಹುದಾದರೂ ಅಲ್ಲಿನ ಸಂಬಳ 2018–19ರಲ್ಲಿ ಇಡೀ ಋತುವಿಗೆ 35,000 ಡಾಲರ್ ಇತ್ತು. ಅದೇ ಆಟಗಾರನಿಗೆ ಜರ್ಮನಿಯ ಅಥವಾ ಇಟಲಿಯ ಒಂದು ಸಾಧಾರಣ ಕ್ಲಬ್ ಅದಕ್ಕಿಂತ ಹೆಚ್ಚು ಹಣವನ್ನು, ಅದೂ ತೆರಿಗೆ ಕಳೆದು, ಜೊತೆಗೆ ಇರಲು ಮನೆ ಕೊಟ್ಟು ಕರೆದಾಗ ಅವನು ವಿಮಾನ ಹತ್ತುವುದರಲ್ಲಿ ಆಶ್ಚರ್ಯವೇನಿಲ್ಲ.

ಈ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ನಾನು ಮೊದಲು ಹೇಳುವ ಹೆಸರು ಕೈಲ್ ಹೈನ್ಸ್. ಎತ್ತರ 1.98 ಮೀಟರ್, ಆಡುವ ಸ್ಥಾನ ಸೆಂಟರ್. ಎರಡು ಮೀಟರ್ ಹತ್ತು ಸೆಂಟಿಮೀಟರ್ ಎತ್ತರದವರು ನಿಲ್ಲುವ ಜಾಗ ಅದು. ಸಣ್ಣ ಹೆಸರಿನ ಕಾಲೇಜಿನಿಂದ ಬಂದ ಅವರನ್ನು 2008ರಲ್ಲಿ ಎನ್‌ಬಿಎಯ ಯಾವ ತಂಡವೂ ಆರಿಸಲಿಲ್ಲ. ಅವರು ಇಟಲಿಯ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ವೆರೋಲಿ ಎಂಬ ಸಣ್ಣ ಊರಿನ ತಂಡ ಸೇರಿದರು. ಅಲ್ಲಿಂದ ಜರ್ಮನಿಯ ಬಾಂಬರ್ಗ್, ನಂತರ ಗ್ರೀಸಿನ ಒಲಿಂಪಿಯಾಕೋಸ್, ಆಮೇಲೆ ಮಾಸ್ಕೋದ ಸಿಎಸ್‌ಕೆಎ, ಕೊನೆಗೆ ಮಿಲಾನ್. 2012, 2013, 2016 ಮತ್ತು 2019ರಲ್ಲಿ ನಾಲ್ಕು ಬಾರಿ ಯುರೋಪಿನ ಅತ್ಯುನ್ನತ ಕ್ಲಬ್ ಟೂರ್ನಿಯಾದ ಯೂರೋಲೀಗ್ ಗೆದ್ದು, 2024ರಲ್ಲಿ ನಿವೃತ್ತರಾದಾಗ ಯುರೋಪಿನ ಬ್ಯಾಸ್ಕೆಟ್‌ಬಾಲ್‌ನ ಅತ್ಯಂತ ಗೌರವಾನ್ವಿತ ಆಟಗಾರರಲ್ಲಿ ಒಬ್ಬರಾಗಿದ್ದರು. ಎನ್‌ಬಿಎಯಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 2012ರಲ್ಲಿ ಯಾರೂ ಆರಿಸದೆ ಬಿಟ್ಟ ಮೈಕ್ ಜೇಮ್ಸ್ ಕೂಡ ಇಟಲಿಯ ಕೆಳದರ್ಜೆಯಲ್ಲಿ ಆಡಿ ಮೇಲೆ ಬಂದವರೇ. 2024ರಲ್ಲಿ ಅವರು ಯೂರೋಲೀಗ್ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಆಟಗಾರರಾದರು.

ಆದರೆ ಹೈನ್ಸ್ ಅವರ ದಾರಿಯನ್ನು ಸಾಮಾನ್ಯವೆಂದು ತಿಳಿಯಬಾರದು. ಯೂರೋಲೀಗ್‌ನ ಮುಂಚೂಣಿಯ ಆಟಗಾರರು ವರ್ಷಕ್ಕೆ ಹತ್ತು ಲಕ್ಷ ಯೂರೋ ಮೀರಿ ಗಳಿಸುತ್ತಾರೆ. ಸಣ್ಣ ದೇಶಗಳ ಕೆಳದರ್ಜೆಯ ಲೀಗ್‌ಗಳಲ್ಲಿ ತಿಂಗಳಿಗೆ ಸುಮಾರು ಒಂದೆರಡು ಸಾವಿರ ಯೂರೋಗಳಿಗೆ ಆಡುವವರಿದ್ದಾರೆ. ಈ ಎರಡರ ನಡುವಿನ ಅಂತರದಲ್ಲಿಯೇ ಹೆಚ್ಚಿನವರ ಬದುಕು ಇದೆ. ಸಂಬಳ ಬರುವುದು ಆಡುವ ತಿಂಗಳುಗಳಿಗೆ ಮಾತ್ರ, ಅಂದರೆ ಆಗಸ್ಟಿನಿಂದ ಮೇ ಅಥವಾ ಜೂನಿನವರೆಗೆ. ಬೇಸಿಗೆಯಲ್ಲಿ ಸಂಬಳವಿಲ್ಲ, ಮುಂದಿನ ಊರು ಯಾವುದೆಂಬುದೂ ಗೊತ್ತಿರುವುದಿಲ್ಲ.

ಈಗ ಕರಾರಿನ ವಿಷಯಕ್ಕೆ ಬರೋಣ. ಯುರೋಪಿನ ಒಪ್ಪಂದದಲ್ಲಿ ಬರೆಯುವ ಮೊತ್ತ ಸಾಮಾನ್ಯವಾಗಿ ಆ ದೇಶದ ತೆರಿಗೆ ಕಳೆದ ನಂತರದ್ದು. ತೆರಿಗೆ ಕಟ್ಟುವ ಹೊಣೆ ಕ್ಲಬ್ಬಿನದು. ಅದರ ಜೊತೆಗೆ ಸಜ್ಜುಗೊಳಿಸಿದ ಮನೆ, ಒಂದು ಕಾರು, ತವರಿಗೆ ಹೋಗಿಬರುವ ವಿಮಾನದ ಟಿಕೆಟ್, ವೈದ್ಯಕೀಯ ವಿಮೆ, ಗೆಲುವಿಗೆ ತಕ್ಕ ಬೋನಸ್ ಸೇರಿರುತ್ತವೆ. ಏಜೆಂಟನ ಶುಲ್ಕ ಸಂಬಳದ ಹತ್ತು ಪ್ರತಿಶತದವರೆಗೆ ಇರುತ್ತದೆ, ಯುರೋಪಿನಲ್ಲಿ ಅದನ್ನು ಬಹುಮಟ್ಟಿಗೆ ಕ್ಲಬ್ಬೇ ಕೊಡುತ್ತದೆ. ಹೀಗಾಗಿ ಅಲ್ಲಿನ ಐವತ್ತು ಸಾವಿರ ಯೂರೋ ಎಂದರೆ ಬಾಡಿಗೆ, ತೆರಿಗೆ, ಪ್ರಯಾಣ ಯಾವುದನ್ನೂ ಕಳೆಯಬೇಕಿಲ್ಲದ ಹಣ. ಆದರೆ ಅಮೆರಿಕದ ಪ್ರಜೆ ಜಗತ್ತಿನ ಎಲ್ಲಿ ಗಳಿಸಿದರೂ ತನ್ನ ದೇಶದ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು. ಕ್ಲಬ್ ಅಲ್ಲಿ ತೆರಿಗೆ ಕಟ್ಟಿದ್ದಕ್ಕೆ ಪ್ರಮಾಣಪತ್ರ ಕೊಡದಿದ್ದರೆ ಅದೇ ಹಣಕ್ಕೆ ತವರಿನಲ್ಲಿ ಮತ್ತೆ ತೆರಿಗೆ ತೆರಬೇಕಾಗಬಹುದು. ಅನುಭವಿ ಏಜೆಂಟರು ಆ ಪ್ರಮಾಣಪತ್ರದ ಮಾತನ್ನು ಕರಾರಿನಲ್ಲೇ ಬರೆಸುವುದು ಇದೇ ಕಾರಣಕ್ಕೆ.

ಸಹಿ ಹಾಕಿದ ಮಾತ್ರಕ್ಕೆ ಕರಾರು ಗಟ್ಟಿಯಾಗುವುದಿಲ್ಲ. ಆಟಗಾರ ಊರು ಮುಟ್ಟಿದ ಒಂದೆರಡು ದಿನಗಳಲ್ಲಿ ವೈದ್ಯಕೀಯ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದ ನಂತರವೇ ಕರಾರು ಜಾರಿಗೆ ಬರುತ್ತದೆ. ಮೊಣಕಾಲಿನ ಹಳೆಯ ಗಾಯವೊಂದು ಅಲ್ಲಿ ಕಂಡುಬಂದರೆ ಮಾರನೆಯ ದಿನವೇ ವಾಪಸು ಹೊರಡಬೇಕಾಗಬಹುದು. ಸಂಬಳ ಪೂರ್ತಿ ಖಾತರಿಯೋ, ಅಥವಾ ಒಂದೆರಡು ತಿಂಗಳು ನೋಡಿ ಬೇಡವೆನಿಸಿದರೆ ಬಿಡುವ ಹಕ್ಕು ಕ್ಲಬ್ಬಿಗಿದೆಯೋ ಎಂಬುದು ಇನ್ನೊಂದು ಷರತ್ತು. ಒಳ್ಳೆಯ ಕರಾರಿನಲ್ಲಿ ಆಡುವಾಗ ಗಾಯಗೊಂಡರೂ ಸಂಬಳ ನಿಲ್ಲದು. ಸಂಬಳ ಇಂತಿಷ್ಟು ದಿನ ತಡವಾದರೆ ಅಭ್ಯಾಸಕ್ಕೆ ಬಾರದಿರುವ ಹಕ್ಕು, ಇನ್ನೂ ತಡವಾದರೆ ಕರಾರು ಮುರಿದು ಬಾಕಿಯನ್ನೆಲ್ಲ ಕೇಳುವ ಹಕ್ಕು ಆಟಗಾರನಿಗಿರುತ್ತದೆ.

ಸಂಬಳ ತಡವಾಗುವುದು ಈ ವೃತ್ತಿಯಲ್ಲಿ ಅಪರೂಪದ ಸಂಗತಿಯಲ್ಲ. ಯುರೋಪಿನ ಅನೇಕ ಕ್ಲಬ್ಬುಗಳು ಟಿಕೆಟ್ ಮಾರಾಟದಿಂದ ನಡೆಯುವುದಿಲ್ಲ. ಒಬ್ಬ ಶ್ರೀಮಂತ ಮಾಲೀಕ, ಒಂದು ಪ್ರಾಯೋಜಕ ಕಂಪನಿ ಅಥವಾ ನಗರಸಭೆಯ ಅನುದಾನದ ಮೇಲೆ ನಡೆಯುತ್ತವೆ. ಆ ಒಂದು ಮೂಲ ಬತ್ತಿದರೆ ಮೊದಲು ನಿಲ್ಲುವುದು ಆಟಗಾರರ ಸಂಬಳ. ಹಿಂದೆ ಹಾಗಾದಾಗ ಆಟಗಾರ ಭಾಷೆ ಬಾರದ ದೇಶದ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅಲೆಯಬೇಕಿತ್ತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಇದಕ್ಕಾಗಿಯೇ ಒಂದು ಮಧ್ಯಸ್ಥಿಕೆ ಮಂಡಳಿಯನ್ನು ಸ್ಥಾಪಿಸಿತು; 2011ರಿಂದ ಅದನ್ನು ಬ್ಯಾಸ್ಕೆಟ್‌ಬಾಲ್ ಆರ್ಬಿಟ್ರಲ್ ಟ್ರಿಬ್ಯೂನಲ್, ಚಿಕ್ಕದಾಗಿ ಬ್ಯಾಟ್, ಎಂದು ಕರೆಯಲಾಗುತ್ತಿದೆ. ಅದರ ಕಾನೂನು ನೆಲೆ ಜಿನೀವಾ. ಒಬ್ಬರೇ ಮಧ್ಯಸ್ಥಗಾರರು ಪ್ರಕರಣವನ್ನು ನೋಡುತ್ತಾರೆ, ವಿಚಾರಣೆ ಹೆಚ್ಚಾಗಿ ಬರಹದಲ್ಲೇ ನಡೆಯುತ್ತದೆ, ಮತ್ತು ಕಕ್ಷಿಗಳು ಬೇರೆ ರೀತಿ ಒಪ್ಪಿಕೊಂಡಿಲ್ಲದಿದ್ದರೆ ತೀರ್ಪು ಯಾವುದೇ ಒಂದು ದೇಶದ ಕಾನೂನಿನ ಬದಲು ನ್ಯಾಯ ಮತ್ತು ಸಮತೆಯ ಮೇಲೆ ನಿಲ್ಲುತ್ತದೆ. ತೀರ್ಪಿಗೆ ಮಣಿಯದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಬಾ ನಿಷೇಧ ಹೇರಬಹುದು. ಮುಂದಿನ ಋತುವಿಗೆ ತಂಡ ಕಟ್ಟಬೇಕಾದ ಕ್ಲಬ್ಬಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಈ ವ್ಯವಸ್ಥೆ ಕ್ರೀಡಾಲೋಕದಲ್ಲಿ ಕಾರ್ಮಿಕರ ಪರವಾಗಿ ಆಗಿರುವ ಒಳ್ಳೆಯ ಕೆಲಸಗಳಲ್ಲಿ ಒಂದೆಂದು ನಾನು ನಂಬಿದ್ದೇನೆ. ಆದರೆ ಅದಕ್ಕೆ ಎರಡು ಮಿತಿಗಳಿವೆ. ವಿವಾದವನ್ನು ಬ್ಯಾಟ್‌ಗೆ ಒಪ್ಪಿಸಲಾಗುವುದು ಎಂಬ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಮಂಡಳಿಗೆ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರವೇ ಇಲ್ಲ. ದೂರು ಕೊಡಲು ಮುಂಗಡ ಶುಲ್ಕ ಕಟ್ಟಬೇಕಾದ್ದರಿಂದ, ಎರಡು ತಿಂಗಳ ಸಣ್ಣ ಸಂಬಳ ಕಳೆದುಕೊಂಡ ಕೆಳದರ್ಜೆಯ ಆಟಗಾರ ಲೆಕ್ಕ ಹಾಕಿ ಸುಮ್ಮನಾಗುತ್ತಾನೆ. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಎಟಕುತ್ತದೆ.

ಹೊರದೇಶದ ಆಟಗಾರನ ಮೇಲಿರುವ ಇನ್ನೊಂದು ಒತ್ತಡ ಅವನ ಪಾಸ್‌ಪೋರ್ಟಿನದು. ಹೆಚ್ಚಿನ ಲೀಗ್‌ಗಳಲ್ಲಿ ವಿದೇಶಿಯರ ಸಂಖ್ಯೆಗೆ ಮಿತಿ ಇದೆ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ ಹನ್ನೆರಡು ಮಂದಿಯ ತಂಡದಲ್ಲಿ ಆರು ಮಂದಿ ಜರ್ಮನ್ನರಿರಬೇಕೆಂಬ ನಿಯಮ ಬಹುಕಾಲದಿಂದ ಇದೆ. 1975ರಲ್ಲಿ ಆರಂಭವಾದ, ಏಷ್ಯಾದ ಮೊದಲ ವೃತ್ತಿಪರ ಲೀಗ್ ಆದ ಫಿಲಿಪೀನ್ಸಿನ ಪಿಬಿಎಯಲ್ಲಿ ಕೆಲವು ಟೂರ್ನಿಗಳಲ್ಲಿ ಮಾತ್ರ ತಂಡಕ್ಕೊಬ್ಬ ವಿದೇಶಿಯನ್ನು ಬಿಡುತ್ತಾರೆ. ಕೆಲವೊಮ್ಮೆ ಅವನ ಎತ್ತರಕ್ಕೂ ಮಿತಿ ಉಂಟು. ಅವನನ್ನು ಅಲ್ಲಿ ಇಂಪೋರ್ಟ್ ಎಂದೇ ಕರೆಯುತ್ತಾರೆ. ಜಾಗ ಕಡಿಮೆ ಇರುವುದರಿಂದ ಆ ಜಾಗದಲ್ಲಿ ನಿಂತವನು ಪ್ರತಿ ಪಂದ್ಯದಲ್ಲೂ ಅಂಕ ಗಳಿಸಲೇಬೇಕು. ತಂಡ ಸತತವಾಗಿ ಮೂರು ಪಂದ್ಯ ಸೋತರೆ ಬದಲಾಗುವುದು ಮೊದಲು ಅವನೇ, ಏಕೆಂದರೆ ಸ್ಥಳೀಯ ಆಟಗಾರನನ್ನು ನಡು ಋತುವಿನಲ್ಲಿ ಹುಡುಕುವುದು ಕಷ್ಟ, ಕೆಲಸಕ್ಕಾಗಿ ಕಾಯುತ್ತಿರುವ ಅಮೆರಿಕನ್ನನನ್ನು ಹುಡುಕುವುದು ಸುಲಭ.

ಅದೇ ಪಿಬಿಎ ಜಸ್ಟಿನ್ ಬ್ರೌನ್‌ಲೀ ಅವರಂತಹ ಬದುಕನ್ನೂ ಕೊಟ್ಟಿದೆ. 2011ರ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದ ಅವರು ಮನಿಲಾದ ಬಾರಂಗಾಯ್ ಗಿನೆಬ್ರಾ ತಂಡಕ್ಕೆ ಇಂಪೋರ್ಟ್ ಆಗಿ ಬಂದು, ವರ್ಷ ವರ್ಷವೂ ಮರಳಿ ಬಂದು, ಪ್ರಶಸ್ತಿಗಳನ್ನು ಗೆಲ್ಲಿಸಿ ಜನರ ಮನೆಮಾತಾದರು. 2023ರ ಜನವರಿಯಲ್ಲಿ ಫಿಲಿಪೀನ್ಸ್ ಅವರಿಗೆ ಪೌರತ್ವ ನೀಡಿತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಆತಿಥೇಯ ಚೀನಾದ ವಿರುದ್ಧ ಕೊನೆಯ ನಿಮಿಷದಲ್ಲಿ ಅವರು ಹಾಕಿದ ಮೂರು ಅಂಕಗಳ ಎರಡು ಬುಟ್ಟಿಗಳಿಂದ ಫಿಲಿಪೀನ್ಸ್ 77–76ರಿಂದ ಗೆದ್ದು, ಮುಂದೆ 1962ರ ನಂತರದ ತನ್ನ ಮೊದಲ ಚಿನ್ನವನ್ನು ಪಡೆಯಿತು. ಚೀನಾದಲ್ಲಿ ಸ್ಟೀಫನ್ ಮಾರ್ಬರಿ ಅವರ ಕಥೆಯೂ ಇಂಥದೇ: ಎನ್‌ಬಿಎಯಲ್ಲಿ ಹೆಸರು ಕೆಟ್ಟು 2010ರಲ್ಲಿ ಅಲ್ಲಿಗೆ ಹೋದ ಅವರು ಬೀಜಿಂಗ್ ತಂಡಕ್ಕೆ 2012, 2014 ಮತ್ತು 2015ರಲ್ಲಿ ಲೀಗ್ ಗೆದ್ದುಕೊಟ್ಟರು, ಅಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದರು. ಇವರಿಬ್ಬರೂ ಒಂದು ಊರಿನಲ್ಲಿ ನೆಲೆನಿಂತರು ಎಂಬುದನ್ನು ಗಮನಿಸಬೇಕು. ಅದು ಈ ವೃತ್ತಿಯಲ್ಲಿ ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ದಿನನಿತ್ಯದ ಬದುಕಿನ ಬಗ್ಗೆ ಹೇಳುವುದಾದರೆ, ಮೊದಲು ಬದಲಾಗುವುದು ಆಟವೇ. ಯುರೋಪಿನಲ್ಲಿ ಎನ್‌ಬಿಎಯ 48 ನಿಮಿಷಗಳ ಬದಲು 40 ನಿಮಿಷ, ಆರು ಫೌಲ್‌ಗಳ ಬದಲು ಐದು. ಬುಟ್ಟಿಯ ಕೆಳಗೆ ರಕ್ಷಕ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಾದ್ದರಿಂದ ಒಳನುಗ್ಗುವ ದಾರಿ ಕಿರಿದು. ತರಬೇತುದಾರನ ಮಾತೇ ಅಂತಿಮ. ಋತು ಆರಂಭಕ್ಕೆ ಮುನ್ನ ದಿನಕ್ಕೆರಡು ಬಾರಿ ಅಭ್ಯಾಸ. ನಂತರ ಯೂರೋಲೀಗ್ ತಂಡವಾದರೆ ಕೆಲವು ವಾರಗಳಲ್ಲಿ ಎರಡು ಯೂರೋಲೀಗ್ ಪಂದ್ಯ, ವಾರಾಂತ್ಯಕ್ಕೆ ದೇಶೀಯ ಲೀಗ್‌ನ ಇನ್ನೊಂದು. ಸಣ್ಣ ತಂಡಗಳಲ್ಲಿ ಇದು ತಿರುಗುಮುರುಗು: ವಾರಕ್ಕೊಂದೇ ಪಂದ್ಯ, ಉಳಿದ ದಿನಗಳಲ್ಲಿ ಅಭ್ಯಾಸದ ನಂತರದ ಉದ್ದನೆಯ ಒಂಟಿ ಮಧ್ಯಾಹ್ನಗಳು. ಲಿಥುವೇನಿಯಾದ ಕೌನಾಸ್‌ನಲ್ಲಿ ಹದಿನೈದು ಸಾವಿರ ಜನ ಕೂಡುವ ಕ್ರೀಡಾಂಗಣ ತುಂಬಿ ಹಾಡುತ್ತಿರುವಾಗ ಆಡುವ ಆಟಗಾರ, ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ಊರಿನಲ್ಲಿ ಮನೆಗೆ ಬಂದು, ಏಳು ಗಂಟೆ ಹಿಂದಿರುವ ನ್ಯೂಯಾರ್ಕ್‌ನಲ್ಲಿ ಮಕ್ಕಳು ಶಾಲೆಯಿಂದ ಬರುವುದನ್ನು ಕಾದು ಫೋನ್ ಮಾಡುತ್ತಾನೆ. ಕ್ರಿಸ್‌ಮಸ್ ಹೊತ್ತಿಗೆ ಲೀಗ್ ಭರದಿಂದ ನಡೆಯುತ್ತಿರುತ್ತದೆ. ಮನೆಗೆ ಹೋಗಿಬರುವುದು ಹೆಚ್ಚಿನವರಿಗೆ ಆಗದು.

ಮಹಿಳೆಯರ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಅವರಲ್ಲಿ ಅನೇಕರು ಅಮೆರಿಕದ ಅತ್ಯುನ್ನತ ಲೀಗ್‌ನಲ್ಲಿ ಸ್ಥಾನ ಗಳಿಸಿದ ಮೇಲೂ ಹೊರಗೆ ಹೋಗುತ್ತಿದ್ದರು, ಏಕೆಂದರೆ ರಷ್ಯಾ, ಟರ್ಕಿಗಳ ಕ್ಲಬ್ಬುಗಳು ಕೊಡುತ್ತಿದ್ದ ಸಂಬಳ ಡಬ್ಲ್ಯುಎನ್‌ಬಿಎ ಸಂಬಳದ ಹಲವು ಪಟ್ಟು ಇತ್ತು. ಡಯಾನಾ ಟೌರಾಸಿ ಅವರು 2015ರ ಡಬ್ಲ್ಯುಎನ್‌ಬಿಎ ಋತುವನ್ನೇ ಬಿಟ್ಟು ವಿಶ್ರಾಂತಿ ಪಡೆದರು; ಅದಕ್ಕೆ ಹಣ ಕೊಟ್ಟದ್ದು ಅವರ ರಷ್ಯಾದ ಕ್ಲಬ್. ಬೇಸಿಗೆಯಲ್ಲಿ ತವರಿನಲ್ಲಿ, ಚಳಿಗಾಲದಲ್ಲಿ ಹೊರಗೆ, ಹೀಗೆ ವರ್ಷವಿಡೀ ಆಡಿದ ದೇಹಗಳು ಅವು. 2022ರ ಫೆಬ್ರವರಿಯಲ್ಲಿ ತಮ್ಮ ಕ್ಲಬ್ ಸೇರಲು ಹೊರಟಿದ್ದ ಬ್ರಿಟ್ನಿ ಗ್ರೈನರ್ ಮಾಸ್ಕೋ ವಿಮಾನನಿಲ್ದಾಣದಲ್ಲಿ ಬಂಧಿತರಾಗಿ, ಒಂಬತ್ತು ವರ್ಷಗಳ ಶಿಕ್ಷೆಗೆ ಗುರಿಯಾಗಿ, ಡಿಸೆಂಬರ್ 8ರಂದು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರು. ಉಕ್ರೇನಿನ ಮೇಲೆ ಯುದ್ಧ ಶುರುವಾದದ್ದೂ ಅದೇ ಫೆಬ್ರವರಿಯಲ್ಲಿ. ಅಲ್ಲಿದ್ದ ವಿದೇಶಿ ಆಟಗಾರರು ಊರು ಬಿಡಬೇಕಾಯಿತು, ಯೂರೋಲೀಗ್ ರಷ್ಯಾದ ಕ್ಲಬ್ಬುಗಳನ್ನು ಹೊರಗಿಟ್ಟಿತು. ಯಾವ ಕರಾರೂ ಇಂಥದನ್ನು ಮೊದಲೇ ಊಹಿಸಿ ಬರೆಯಲಾರದು.

ನಮ್ಮವರು ಈ ದಾರಿಯಲ್ಲಿ ಹೋಗಿದ್ದಾರೆಯೇ ಎಂದು ಕೇಳಿದರೆ, ಬೆರಳೆಣಿಕೆಯಷ್ಟು ಮಂದಿ. ಕೇರಳದ ಗೀತು ಅನ್ನಾ ಜೋಸ್ 2006ರಲ್ಲಿಯೇ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. 2015ರಲ್ಲಿ ಡಲ್ಲಾಸ್ ತಂಡ 52ನೆಯವರಾಗಿ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್ ಎನ್‌ಬಿಎ ಅಂಗಣಕ್ಕೆ ಇಳಿಯಲಾಗದೆ, ಮುಂದೆ ಕೆನಡಾದ ಲೀಗ್‌ನಲ್ಲಿ ಆಡಿದರು. ಅಮೃತ್‌ಪಾಲ್ ಸಿಂಗ್ 2017ರಲ್ಲಿ ಸಿಡ್ನಿ ಕಿಂಗ್ಸ್ ಸೇರಿದರು. ಕರ್ನಾಟಕದ ಆಟಗಾರರಿಗೆ ಸಾಮಾನ್ಯವಾಗಿ ಕಾಣುವ ದಾರಿ ರೈಲ್ವೆ, ಬ್ಯಾಂಕು, ಅಂಚೆ ಇಲಾಖೆಗಳ ಕ್ರೀಡಾ ಕೋಟಾ. ಆಟ ನಿಂತ ಮೇಲೂ ಸಂಬಳ ನಿಲ್ಲದ ನೌಕರಿ ಅದು. ಆ ನೌಕರಿಯನ್ನು ಬಿಟ್ಟು ಹತ್ತು ತಿಂಗಳ ಕರಾರಿಗೆ ಹೊರಡುವುದು ಮಧ್ಯಮವರ್ಗದ ಮನೆಯಲ್ಲಿ ಸಣ್ಣ ತೀರ್ಮಾನವಲ್ಲ, ಹಿಂಜರಿಯುವವರನ್ನು ಅಳುಕಿನವರೆಂದು ನಾನು ಕರೆಯಲಾರೆ. ಹೊರಡುವುದೇ ಆದರೆ ದೇಶದ ಒಕ್ಕೂಟದಿಂದ ಫಿಬಾ ನಿಯಮದ ಅನುಮತಿ ಪತ್ರ ಬೇಕು, ಇರುವ ನೌಕರಿಯಿಂದ ಸಂಬಳರಹಿತ ರಜೆ ಸಿಗುವುದೇ ಎಂದು ಕೇಳಬೇಕು. ಮೊತ್ತವನ್ನು ನೋಡುವ ಮೊದಲು ಕರಾರಿನಲ್ಲಿ ಗಾಯದ ಷರತ್ತನ್ನೂ ಬ್ಯಾಟ್ ಷರತ್ತನ್ನೂ ಓದಬೇಕು. ಅವೆರಡೂ ಇಲ್ಲದ ಕಾಗದಕ್ಕೆ ಸಹಿ ಹಾಕಬಾರದು.