ಎರಡು ಲಿಂಕ್‌ಗಳು ನಿಜಕ್ಕೂ ಎರಡೇ?

ನೆಟ್‌ವರ್ಕ್ ಪರಿಶೀಲನೆಗೆ ಕರೆದವರು ಮೊದಲು ನಕ್ಷೆಯನ್ನು ಮುಂದಿಡುತ್ತಾರೆ. ಒಂದು ಕೆಟ್ಟರೆ ಇನ್ನೊಂದು ನಡೆಸಲೆಂದು ಎಲ್ಲವೂ ಜೋಡಿ: ಎರಡು ರೂಟರ್, ಎರಡು ಫೈರ್‌ವಾಲ್, ಎರಡು ಕೋರ್ ಸ್ವಿಚ್ (ಒಳಗಿನ ಸಂಚಾರವೆಲ್ಲ ಹಾಯುವ ಮುಖ್ಯ ಸ್ವಿಚ್), ಎರಡು ಕಂಪನಿಗಳ ಇಂಟರ್‌ನೆಟ್ ಲಿಂಕ್. ಕಾಗದದ ಮೇಲೆ ಕುಂದು ಹುಡುಕುವುದು ಕಷ್ಟ. ನಾನು ಅದನ್ನು ಪಕ್ಕಕ್ಕಿಟ್ಟು ಸರ್ವರ್ ಕೋಣೆಗೆ ಹೋಗಿ ರ‍್ಯಾಕ್‌ನ ಹಿಂಬದಿ ನೋಡುತ್ತೇನೆ. ಸ್ವಿಚ್‌ಗೆ ಎರಡು ಪವರ್ ಸಪ್ಲೈ ಇರುತ್ತವೆ, ಎರಡೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿರುತ್ತವೆ. ಯುಪಿಎಸ್ ಎರಡಿದ್ದರೂ ಅವಕ್ಕೆ ಎಂಸಿಬಿ ಒಂದೇ. ಅದು ನಡುರಾತ್ರಿ ಟ್ರಿಪ್ ಆದರೆ ಬ್ಯಾಟರಿ ಬರಿದಾಗುವವರೆಗೆ ಯಾರಿಗೂ ಸುಳಿವು ಸಿಗುವುದಿಲ್ಲ.

ಹೊರಗಿನ ಲಿಂಕ್‌ಗಳದ್ದೂ ಇದೇ ಪಾಡು. ಬಿಲ್ ಕಳಿಸುವ ಕಂಪನಿಗಳು ಎರಡು, ಫೈಬರ್ ಸಾಗುವ ಪೈಪು ಒಂದು. ಬೆಂಗಳೂರಿನಂಥ ಊರಿನಲ್ಲಿ, ರಸ್ತೆ ಅಗೆಯುವುದು ನಿತ್ಯದ ಕೆಲಸವಾಗಿರುವಾಗ, ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಗಣಿತ ಕೆಡುವುದೂ ಇಲ್ಲೇ. ತಲಾ ಶೇ. 99ರಷ್ಟು ಹೊತ್ತು ಕೆಲಸ ಮಾಡುವ ಎರಡು ಲಿಂಕ್‌ಗಳಿದ್ದರೆ ಎರಡೂ ಒಟ್ಟಿಗೆ ಸತ್ತಿರುವ ಸಮಯ ವರ್ಷಕ್ಕೆ 53 ನಿಮಿಷದಷ್ಟೇ. ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ನಂಟಿಲ್ಲದಿದ್ದರೆ ಮಾತ್ರ. ಪೈಪು ಒಂದೇ ಆದರೆ ಮೂರೂವರೆ ದಿನಕ್ಕೂ ಸಿದ್ಧರಿರಬೇಕು. ಆದ್ದರಿಂದ ಕೇಬಲ್ ಹಾದು ಬರುವ ದಾರಿಯ ನಕ್ಷೆಯನ್ನು ಎರಡೂ ಕಂಪನಿಗಳಿಂದ ಲಿಖಿತವಾಗಿ ಕೇಳಿ. ಕೊಡಲು ಹಿಂಜರಿದರೆ ಎರಡನೆಯ ಫೈಬರ್ ಬದಲು ತಾರಸಿಯ ಮೇಲೊಂದು ರೇಡಿಯೊ ಲಿಂಕ್ ಹಾಕಿಸುವುದೇ ಮೇಲು. ಜೋರು ಮಳೆಯಲ್ಲಿ ಅದು ಸೊರಗಬಹುದು, ಆದರೆ ಜೆಸಿಬಿ ಅದನ್ನು ಮುಟ್ಟಲಾರದು.

ಹೊರೆ ಹಂಚಿಕೆಗೆ ಬರೋಣ. ತಲಾ 1 ಜಿಬಿಪಿಎಸ್‌ನ ಎರಡು ಲಿಂಕ್‌ಗಳು ಶೇ. 70ರಷ್ಟು ತುಂಬಿ ಓಡುತ್ತಿದ್ದರೆ ಹಣಕಾಸು ವಿಭಾಗಕ್ಕೆ ಖುಷಿ. ಒಂದು ಬಿದ್ದ ಕ್ಷಣ 1.4 ಜಿಬಿಪಿಎಸ್ ಸಂಚಾರ ಉಳಿದೊಂದರ ಮೇಲೆ ಬೀಳುತ್ತದೆ. ಎರಡರಲ್ಲಿ ಯಾವುದೂ ದಟ್ಟಣೆಯ ಹೊತ್ತಿನಲ್ಲೂ ಶೇ. 50 ದಾಟಬಾರದು, ದಾಟಿತೆಂದರೆ ನಿಮ್ಮ ಬಳಿ ಇರುವುದು ಒಂದು ದೊಡ್ಡ ಲಿಂಕ್, ಬದಲಿ ವ್ಯವಸ್ಥೆಯಲ್ಲ.

ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಒಂದೇ ಇದ್ದರೆ ಅದೇ ಒಂಟಿ ಕಂಬವಾಗುತ್ತದೆ. ವಿಆರ್‌ಆರ್‌ಪಿ (ಒಂದು ಬಿದ್ದರೆ ಅದರ ವಿಳಾಸವನ್ನು ಇನ್ನೊಂದಕ್ಕೆ ದಾಟಿಸುವ ವಿಧಾನ) ಬಳಸಿ ಜೋಡಿ ಮಾಡಿದರೆ ಮೂರ್ನಾಲ್ಕು ಸೆಕೆಂಡಿನಲ್ಲಿ ಇನ್ನೊಂದು ಹೊಣೆ ಹೊರುತ್ತದೆ, ಅದು ಬಿಡಿ. ನನ್ನನ್ನು ಹೆಚ್ಚು ಕಾಡಿರುವುದು ಹೆಲ್ತ್ ಚೆಕ್, ಅಂದರೆ ಸರ್ವರ್ ಸರಿಯಿದೆಯೇ ಎಂದು ಬ್ಯಾಲೆನ್ಸರ್ ಆಗಾಗ ಮಾಡುವ ಪರೀಕ್ಷೆ. ಸರ್ವರ್‌ನ 443ನೇ ಪೋರ್ಟ್ (ಸುರಕ್ಷಿತ ವೆಬ್ ಸಂಪರ್ಕದ ಬಾಗಿಲು) ತೆರೆದಿದೆಯೇ ಎಂದಷ್ಟೇ ಅದು ನೋಡುತ್ತಿರುತ್ತದೆ. ಡೇಟಾಬೇಸ್ ಸಂಪರ್ಕ ಕಳೆದುಕೊಂಡ ಸರ್ವರ್ ಪೋರ್ಟ್ ತೆರೆದೇ ಕೂತು, ಬಂದವರಿಗೆಲ್ಲ ದೋಷದ ಪುಟವನ್ನು ಮಿಂಚಿನ ವೇಗದಲ್ಲಿ ಕೊಟ್ಟು ಕಳಿಸುತ್ತದೆ. ಸಂಪರ್ಕ ಕಡಿಮೆ ಇರುವ ಸರ್ವರ್‌ಗೆ ಕೆಲಸ ಕೊಡು ಎಂದು ಬ್ಯಾಲೆನ್ಸರ್‌ಗೆ ಹೇಳಿದ್ದರೆ, ಸದಾ ಬಿಡುವಾಗಿ ಕಾಣುವ ಈ ಕೆಟ್ಟ ಸರ್ವರ್‌ಗೇ ಹೆಚ್ಚಿನವರನ್ನು ಅಟ್ಟುತ್ತದೆ. ಡೇಟಾಬೇಸ್ ಮುಟ್ಟಿ ಬರುವ ಒಂದು ಪುಟವನ್ನು ಪರೀಕ್ಷೆಗೆಂದೇ ಬರೆಸಿಕೊಳ್ಳಿ.

ಯಂತ್ರಗಳೆಲ್ಲ ಜೋಡಿಯಿದ್ದರೂ ಕೆಡುವ ಬಗೆಯೊಂದಿದೆ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಟೆಲಿಕಾಂ ಕಂಪನಿಯಲ್ಲಿ ಒಂದು ರೂಟರ್‌ನ ಫಿಲ್ಟರ್ ತೆಗೆದದ್ದೇ ತಡ, ಮಾರ್ಗಗಳ ಮಾಹಿತಿ ಪ್ರವಾಹದಂತೆ ಕೋರ್ ರೂಟರ್‌ಗಳಿಗೆ ನುಗ್ಗಿ ಅವು ಕುಸಿದವು. ಮೊಬೈಲ್‌ಗೂ ಮನೆಯ ಇಂಟರ್‌ನೆಟ್‌ಗೂ ಕೋರ್ ಒಂದೇ ಆಗಿತ್ತು. 1.2 ಕೋಟಿಗೂ ಹೆಚ್ಚು ಗ್ರಾಹಕರ ಸೇವೆ ನಿಂತಿತು, ದೇಶದಾದ್ಯಂತ ಡೆಬಿಟ್ ಪಾವತಿಗೂ ತಡೆ ಬಿತ್ತು. ದುರಸ್ತಿ ಮಾಡಬೇಕಾದ ಎಂಜಿನಿಯರ್‌ಗಳು ರೂಟರ್‌ಗಳನ್ನು ತಲುಪುವ ದಾರಿಯೂ, ಅವರ ಫೋನ್‌ಗಳೂ ಅದೇ ನೆಟ್‌ವರ್ಕ್ ಮೇಲಿದ್ದವು. ಒಂದೇ ಆದೇಶವನ್ನು ಪಾಲಿಸುವ ಎರಡು ರೂಟರ್‌ಗಳು ತಪ್ಪು ಆದೇಶವನ್ನೂ ಒಟ್ಟಿಗೇ ಪಾಲಿಸುತ್ತವೆ. ಬದಲಾವಣೆಯನ್ನು ಮೊದಲು ಒಂದರಲ್ಲಿ ಮಾಡಿ, ಒಂದು ದಿನ ಕಾದು, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಚಿಕ್ಕ ಕಚೇರಿಗೂ ನಾನು ತಪ್ಪದೆ ಬರೆದುಕೊಡುವ ವಸ್ತು: ಮೂರನೆಯ ಕಂಪನಿಯ ಸಿಮ್ ಹಾಕಿದ ಸಣ್ಣ 4ಜಿ ರೂಟರ್, ಅದರಿಂದ ಕೋರ್ ಸ್ವಿಚ್‌ಗಳ ಕನ್ಸೋಲ್ ಪೋರ್ಟ್‌ಗೆ (ನೆಟ್‌ವರ್ಕ್ ಬಿದ್ದಾಗಲೂ ಸ್ವಿಚ್‌ಗೆ ಆದೇಶ ಕೊಡಬಲ್ಲ ಕಿಂಡಿ) ನೇರ ದಾರಿ. ಅದರ ರೀಚಾರ್ಜ್ ಯಾರ ಹೊಣೆ ಎಂಬುದನ್ನೂ ಅದೇ ಹಾಳೆಯಲ್ಲಿ ಹೆಸರು ಸಹಿತ ಬರೆಸುತ್ತೇನೆ.